ಇಳಿಜಾರಿನಲ್ಲಿ ನ್ಯೂಟ್ರಲ್

ನಮ್ಮ ಚಿಕ್ಕ ಹೈಬ್ರಿಡ್ ಕಾರು ಲೀಟರಿಗೆ ಎಷ್ಟು ಓಡುತ್ತದೆಂದು ಮಾರಿದವರು ಹೇಳಿದಾಗ ನಾನು ನಂಬಲಿಲ್ಲ. ಸ್ಟೇರಿಂಗ್ ಹಿಂದಿನ ಪರದೆ ಹೇಳಿದಾಗಲೂ ನಂಬಲಿಲ್ಲ. ಕಾರು ಮಾಡಿದವರೇ ಆ ಪರದೆಯನ್ನೂ ಮಾಡಿದ್ದಾರಲ್ಲ. ಬೀದರಿನ ಚಿದ್ರಿ ಬಡಾವಣೆಯ ನಮ್ಮ ಎದುರುಮನೆಯವರು, "ಇದಕ್ಕ ವೈರ್ ಎಲ್ಲಿ ಹಚ್ಚತೀರಿ?" ಎಂದು ಕೇಳಿದರು. ವೈರ್ ಬೇಡ, ಇದು ಪೆಟ್ರೋಲಿನ ಗಾಡಿಯೇ, ಓಡುತ್ತ ಓಡುತ್ತ ತನ್ನ ಬ್ಯಾಟರಿಯನ್ನು ತಾನೇ ತುಂಬಿಕೊಳ್ಳುತ್ತದೆ ಎಂದು ತಿಳಿಸಿದೆ. ಅವರು ನನ್ನನ್ನು ನಂಬಲಿಲ್ಲ. ಅದಕ್ಕಾಗಿ ಅವರ ಮೇಲೆ ನನಗೆ ಗೌರವವಿದೆ.

ಒಂದು ಮಾತನ್ನು ಮಾತ್ರ ನಾನು ಪರೀಕ್ಷಿಸದೆ ನಂಬಿದ್ದೆ, ಏಕೆಂದರೆ ಅದು ನನ್ನದೇ ಮಾತು: ನನ್ನಷ್ಟು ಕಡಿಮೆ ಪೆಟ್ರೋಲಿನಲ್ಲಿ ಈ ಮನೆಯಲ್ಲಿ ಯಾರೂ ಕಾರು ಓಡಿಸಲಾರರು. ನನ್ನ ಹೆಂಡತಿ ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ ಡ್ರೈವಿಂಗ್ ಕಲಿತವಳು. ಭಾನುವಾರ ಚರ್ಚಿನ ಪ್ರಾರ್ಥನೆ ಮುಗಿಸಿ, ಔರಾದ್ ತಾಲ್ಲೂಕಿನ ಎಕಂಬಾದಲ್ಲಿರುವ ತನ್ನ ಅಕ್ಕನ ಮನೆಗೆ ತಾನೇ ಓಡಿಸಿಕೊಂಡು ಹೋಗಬೇಕೆಂಬುದು ಅವಳ ಆಸೆ. ಪೆಟ್ರೋಲಿನ ನೆಪ ಹೇಳಿ ನಾನು ಸ್ಟೇರಿಂಗ್ ಬಿಟ್ಟುಕೊಟ್ಟಿರಲಿಲ್ಲ.

"ಎಲ್ಲರ ಮಾತೂ ಅಳೀತೀರಿ, ನಿಮ್ಮ ಮಾತೂ ಅಳೀರಿ," ಎಂದಳು. "ನಾ ಗೆದ್ದರ ಭಾನುವಾರದ ಸ್ಟೇರಿಂಗ್ ನಂದು."

ನಿಯಮ ಸರಳವಾಗಿತ್ತು. ಒಂದೇ ಪಂಪಿನಲ್ಲಿ ಟ್ಯಾಂಕ್ ಪೂರ್ತಿ ತುಂಬಿಸುವುದು, ಎಕಂಬಾಕ್ಕೆ ಹೋಗಿಬಂದು ಅಲ್ಲೇ ಮತ್ತೆ ತುಂಬಿಸುವುದು. ಯಾರ ಪಾಳಿಗೆ ಕಡಿಮೆ ಹಿಡಿಯುವುದೋ ಅವರದೇ ಗೆಲುವು.

ಮೊದಲ ವಾರ ನಾನು ಓಡಿಸಿದೆ. ಊರೊಳಗೆ ಎಂಜಿನ್ ತಾನಾಗಿ ನಿಂತು ಕಾರು ಸದ್ದಿಲ್ಲದೆ ಸರಿಯುವಾಗ ಎಮ್ಮೆಗಳು ಹಿಂತಿರುಗಿಯೂ ನೋಡುವುದಿಲ್ಲ. ಬೀದರ್ ಎತ್ತರದ ಊರು. ಕೆಂಪುಮಣ್ಣು ಮುಗಿದು ಕರಿಹೊಲಗಳು ತೊಡಗುವವರೆಗೆ ದಾರಿ ಇಳಿಯುತ್ತದೆ. ಅಲ್ಲಿ ನನ್ನ ವಿದ್ಯೆ ತೋರಿಸಿದೆ: ಗೇರನ್ನು ನ್ಯೂಟ್ರಲ್‌ಗೆ ತಂದು ಕಾರನ್ನು ಅದರ ಪಾಡಿಗೆ ಉರುಳಲು ಬಿಟ್ಟೆ. ಹಳೆಯ ಕಾರಿನ ಕಾಲದಲ್ಲಿ, ಭಾಲ್ಕಿಯ ದಾರಿಯಲ್ಲಿ, ಯಾರೂ ಹೇಳಿಕೊಡದೆ ಕಂಡುಕೊಂಡ ಉಪಾಯವದು.

ಮುಂದಿನ ವಾರ ಅವಳು ಅದೇ ಇಳಿಜಾರಿನಲ್ಲಿ ಗೇರ್ ಮುಟ್ಟಲಿಲ್ಲ. ಆಕ್ಸಿಲರೇಟರಿನಿಂದ ಕಾಲೆತ್ತಿ ಸುಮ್ಮನಿದ್ದಳು.

"ನ್ಯೂಟ್ರಲ್ ಹಾಕು."

"ಸುಮ್ಮ ಕೂಡ್ರಿ. ನಿಮ್ಮ ಪಾಳಿ ಮುಗದದ."

ಅವಳ ಪಾಳಿಗೆ ಟ್ಯಾಂಕ್ ಕಡಿಮೆಯೇ ಹಿಡಿಯಿತು. ಗಾಳಿ ಅವಳ ಕಡೆಗಿತ್ತೆಂದೆ. "ಹೋಗೂವಾಗ ಹಿಂದಿದ್ದ ಗಾಳಿ ಬರೂವಾಗ ಎದುರಿಗೆ ಇರಲಿಲ್ಲೇನ್ರಿ?" ಎಂದಳು. ಇಬ್ಬರೂ ಇನ್ನೊಂದು ಸುತ್ತು ಓಡಿಸಿದೆವು. ಫಲ ಬದಲಾಗಲಿಲ್ಲ.

ಕೊನೆಗೆ ಕಾರಿನ ಕೈಪಿಡಿ ಬಿಡಿಸಿದೆ. ಗೇರಿನಲ್ಲಿದ್ದರೆ ಇಳಿಜಾರಿನಲ್ಲಿ ತಿರುಗುವ ಚಕ್ರಗಳೇ ಬ್ಯಾಟರಿಯನ್ನು ತುಂಬುತ್ತವೆ, ನ್ಯೂಟ್ರಲ್‌ನಲ್ಲಿ ತುಂಬುವುದಿಲ್ಲ. ಪುಕ್ಕಟೆ ಸಿಗುವ ಇಳಿಜಾರನ್ನು ನಾನು ಪ್ರತಿಸಲವೂ ಮಣ್ಣುಪಾಲು ಮಾಡುತ್ತಿದ್ದೆ. ಕೈಪಿಡಿಯನ್ನು ನಂಬುವ ಕಷ್ಟ ನನಗೆ ಬರಲಿಲ್ಲ. ಟ್ಯಾಂಕ್ ಮೊದಲೇ ಸಾಕ್ಷಿ ನುಡಿದಿತ್ತು. ಆದರೂ ಮಾರಿದವರು ಹೇಳಿದ ಮೈಲೇಜು ಅವಳಿಗೂ ದಕ್ಕಲಿಲ್ಲ. ಅಷ್ಟರಮಟ್ಟಿಗೆ ನನ್ನ ಸಂಶಯ ಗೆದ್ದಿದೆ.

ಮುಂದಿನ ಭಾನುವಾರ ಅವಳು ಓಡಿಸಿದಳು. ಎಡಗಡೆ ಕುಳಿತು ನಾನು ಹೂಬಿಟ್ಟ ತೊಗರಿಯನ್ನು ದಾರಿಯುದ್ದಕ್ಕೂ ನೋಡಿದೆ. ಅಷ್ಟು ವರ್ಷ ಸ್ಟೇರಿಂಗ್ ಹಿಡಿದು ಆ ದಾರಿಯಲ್ಲಿ ನಾನು ನೋಡಿದ್ದು ಬರೀ ಗುಂಡಿಗಳನ್ನು. ಎಕಂಬಾದಲ್ಲಿ ಅವಳ ಅಕ್ಕ ಬಾಗಿಲಿಗೇ ಬಂದಳು.

"ಸಾಹೇಬ್ರಿಗೆ ಖಾಯಂ ಡ್ರೈವರ್ ಸಿಕ್ಕಾಳಲ್ಲ! ಛಲೋ ಓಡಸ್ತಾಳೇನ್ರಿ?"

"ಓಡಸ್ತಾಳರಿ ಅಕ್ಕಾ. ಖರೇನ, ನಾ ಅಳದು ನೋಡೇನಿ."

ಸಂಜೆ ಹೊರಡುವಾಗ ಹೆಂಡತಿ ಕೀಲಿಯನ್ನು ನನ್ನೆಡೆಗೆ ಚಾಚಿದಳು. ನಾನು ಎಡಗಡೆಯ ಬಾಗಿಲು ತೆರೆದು ಕುಳಿತೆ.