ನಾಲ್ಕು ಪೌಂಡಿನ ಮಗು

ಹೋದ ವಾರ ರಕ್ತದೊತ್ತಡ ತೋರಿಸಲು ಕ್ಲಿನಿಕ್ಕಿಗೆ ಹೋಗಿದ್ದೆ. ಗೋಡೆಯ ಮೇಲೊಂದು ಗರ್ಭಿಣಿಯ ಚಿತ್ರ. ಬಸುರಿನಲ್ಲಿ ಸಿಗರೇಟು ಸೇದಿದರೆ ಹುಟ್ಟುವ ಮಗುವಿನ ತೂಕ ಕಡಿಮೆಯಾಗುತ್ತದೆ ಎಂದು ಕೆಳಗೆ ಬರೆದಿತ್ತು. ನರ್ಸು ಎರಡು ಸಲ ಕೂಗಿದರೂ ನನಗೆ ಕೇಳಿಸಲಿಲ್ಲವಂತೆ. ಆ ದಿನ ಒತ್ತಡ ಎಷ್ಟಿತ್ತೆಂದು ನೀವು ಕೇಳದಿದ್ದರೆ ಒಳ್ಳೆಯದು.

ಐವತ್ತರ ದಶಕದ ಆರಂಭ. ಬಸವನಗುಡಿಯ ಮನೆಯಲ್ಲಿ ಅಮ್ಮ, ಅಣ್ಣ, ಅತ್ತಿಗೆ, ನಾನು. ನಾನು ಇಂಟರ್‌ಮೀಡಿಯೆಟ್ ಓದುತ್ತಿದ್ದೆ, ಅಂದರೆ ಕದ್ದು ಸಿಗರೇಟು ಸೇದುತ್ತಿದ್ದೆ. ಲವಂಗ ಅಗಿದರೆ ಯಾರಿಗೂ ತಿಳಿಯದೆಂದು ನಂಬಿದ್ದ ಬುದ್ಧಿವಂತ. ಅತ್ತಿಗೆಗೆ ಮೊದಲ ದಿನವೇ ತಿಳಿದಿತ್ತು, ಅಮ್ಮನಿಗೆ ಹೇಳಲಿಲ್ಲ.

ಅತ್ತಿಗೆ ಬಸುರಿಯಾದಾಗ ವಾಂತಿ ನಿಲ್ಲಲೇ ಇಲ್ಲ. ತಾಯಿಯಿಲ್ಲದವರು, ಹೋಗಲು ತವರಿರಲಿಲ್ಲ. ಒಂದು ಮಧ್ಯಾಹ್ನ ಹಿತ್ತಲಲ್ಲಿ ನನ್ನನ್ನು ಹಿಡಿದರು. "ಈ ವಾಸನೆ ಬಂದ್ರೆ ಹೊಟ್ಟೆ ತೊಳಸೋದು ನಿಲ್ಲತ್ತೆ ಕಣೋ. ಒಂದ್ಸಲ ಎಳ್ದು ನೋಡ್ತೀನಿ, ಕೊಡು."

ನಾನು ಹಿಗ್ಗಿಹೋದೆ. ಇಡೀ ಬೀದಿಯಲ್ಲಿ ನಾವಿಬ್ಬರೇ ಆಧುನಿಕರು ಅನ್ನಿಸಿತು. ಒಂದು ಎಳೆತ ದಿನಕ್ಕೊಂದಾಯಿತು, ಆಮೇಲೆ ಮೂರು ನಾಲ್ಕು. ಬಚ್ಚಲುಮನೆಯಲ್ಲಿ ಹಂಡೆಯ ಒಲೆ ಉರಿಯುವಾಗ ಸೇದಿದರೆ ಸೌದೆ ಹೊಗೆಯಲ್ಲಿ ವಾಸನೆ ಅಡಗುತ್ತದೆ ಎಂಬ ಉಪಾಯವೂ ನನ್ನದೇ. ಸೇದಿದ ಮೇಲೆ ಅವರಿಗೆ ಊಟ ಸೇರುತ್ತಿರಲಿಲ್ಲ. ಅರ್ಧ ಎಲೆಗೇ ಏಳುತ್ತಿದ್ದರು. ನಾನು ನೋಡುತ್ತಿದ್ದೆ.

ದಿನ ತುಂಬಿಯೇ ಹೆತ್ತರು. ಹೆಣ್ಣು ಮಗು, ನಾಲ್ಕು ಪೌಂಡು. ಹತ್ತಿಯಲ್ಲಿ ಸುತ್ತಿ ಮಲಗಿಸಿದ್ದರು. ಅಳು ಬೆಕ್ಕಿನ ಮರಿಯದಷ್ಟೇ. ಅಮ್ಮ ಬಾಣಂತಿಯ ಎದುರಿಗೇ ಅಂದರು: "ಮೈ ದಪ್ಪ ಆಗುತ್ತೆ ಅಂತ ಊಟ ಬಿಟ್ಳು. ಮಗೂನ ಹೊಟ್ಟೇಲೇ ಉಪವಾಸ ಕೆಡವಿದ್ಳು."

ಅತ್ತಿಗೆ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಹೊಗೆಗೂ ತೂಕಕ್ಕೂ ಸಂಬಂಧವಿದೆಯೆಂದು ಆಗ ನಮಗಾರಿಗೂ ತಿಳಿದಿರಲಿಲ್ಲ, ನಿಜ. ಆದರೆ ಊಟ ಬಿಟ್ಟದ್ದು ಸೊಗಸಿಗಲ್ಲ ಎಂಬುದು ನನಗೆ ತಿಳಿದಿತ್ತು. ಹೇಳಿದರೆ ನನ್ನ ಗುಟ್ಟೂ ಹೊರಬೀಳುತ್ತಿತ್ತು. ಅಮ್ಮ ಇದ್ದಷ್ಟು ಕಾಲವೂ ಬಂದವರಿಗೆಲ್ಲ ಆ ಮಾತು ಹೇಳಿದರು. ಪ್ರತಿ ಸಲವೂ ನಾನು ಎದ್ದು ಹೊರಗೆ ಹೋದೆ.

ಮಗು ಉಳಿಯಿತು. ಕುಳ್ಳಗೆ, ಚುರುಕಾಗಿ ಬೆಳೆದು, ಟೀಚರಾಗಿ, ಈಗ ನಿವೃತ್ತಳಾಗಿ ಮಲ್ಲೇಶ್ವರದಲ್ಲಿದ್ದಾಳೆ. ಅತ್ತಿಗೆ ತೀರಿಕೊಂಡು ಬಹಳ ವರ್ಷಗಳಾದವು.

ಕ್ಲಿನಿಕ್ಕಿನಿಂದ ಬಂದವನೇ ಅವಳಿಗೆ ಫೋನು ಮಾಡಿದೆ. ತಡವರಿಸುತ್ತಾ ಸಿಗರೇಟಿನ ಮಾತು ತೆಗೆದೆ.

"ಗೊತ್ತು ಚಿಕ್ಕಪ್ಪ," ಅಂದಳು. "ಅಮ್ಮ ಕೊನೇಲಿ ಹೇಳಿದ್ರು. ಯಾರು ತಂದ್ಕೊಡ್ತಿದ್ರು ಅಂತ ಕೇಳ್ದೆ. ನಾನೇ ಅಂಗಡಿಗೆ ಹೋಗಿ ತರ್ತಿದ್ದೆ ಅಂದ್ರು."

ಆ ಕಾಲದ ಬಸವನಗುಡಿಯಲ್ಲಿ, ತುಂಬು ಬಸುರಿ, ಅಂಗಡಿ ಮುಂದೆ ನಿಂತು ಸಿಗರೇಟು ಕೇಳುವುದೆಂದರೆ! ಸಾಯುವ ಹೊತ್ತಿನಲ್ಲೂ ಆಕೆ ಅದನ್ನು ತನ್ನ ಮೇಲೆಯೇ ಹಾಕಿಕೊಂಡಿದ್ದರು. ನಾನು ಸುಮ್ಮನಿದ್ದಿದ್ದರೆ ಮತ್ತೊಮ್ಮೆ ಪಾರಾಗುತ್ತಿದ್ದೆ.

"ಅವರು ಹೋಗ್ತಿರ್ಲಿಲ್ಲಮ್ಮ. ನಾನು ತಂದ್ಕೊಡ್ತಿದ್ದೆ," ಅಂದೆ.

ಅವಳು ಏನಂದರೂ ಕೇಳಿಸಿಕೊಳ್ಳಬೇಕೆಂದು ನಾನು ಫೋನು ಇಡಲಿಲ್ಲ.