ಒಳಗೆ ಬಿಟ್ಟ ಬಟ್ಟೆ

ನಮ್ಮ ದೊಡ್ಡಮ್ಮ ಬಟ್ಟೆ ಹೊಲಿಯುವವಳು. ಕಣ್ಣಳತೆಯಲ್ಲೇ ಸೊಂಟದ ಸುತ್ತಳತೆ ಹೇಳಿಬಿಡುತ್ತಾಳೆಂದು ಬೀದಿಗೆಲ್ಲ ಹೆಸರು. ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಡುವುದು ಅವಳ ಪದ್ಧತಿ. ಮೈ ಬಂದರೆ ಬಿಚ್ಚಿ ಅಗಲ ಮಾಡಬಹುದು. ನನ್ನ ಅಮ್ಮ, ಅಂದರೆ ಅವಳ ತಂಗಿ, ವರ್ಷಕ್ಕೆರಡು ಸಲ ಅದೇ ನೀಲಿ ಅಂಗಿ ಹಿಡಿದು ಬರುತ್ತಿದ್ದಳು. "ಕದ್ದು ತಿಂತೀಯೇನೇ?" ಎಂದು ದೊಡ್ಡಮ್ಮ ರೇಗಿಸುತ್ತಲೇ ಪಕ್ಕದ ಹೊಲಿಗೆ ಬಿಚ್ಚುತ್ತಿದ್ದಳು. ಅಮ್ಮ ನಗುತ್ತಿದ್ದಳು. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿತೆಂದು ಅವಳು ತಟ್ಟೆ ಸರಿಸುವುದನ್ನು ನಾನು ದಿನಾ ನೋಡುತ್ತಿದ್ದೆ. ನೋಡಿಯೂ ಸುಮ್ಮನಿದ್ದೆ, ದಡ್ಡಿ.

ಒಂದು ದಿನ ಅಮ್ಮನ ತೋಳು ಅಳೆದ ದೊಡ್ಡಮ್ಮ ನಂಬಿಕೆ ಬಾರದೆ ಟೇಪನ್ನು ಮತ್ತೆ ಸುತ್ತಿದಳು. ಅಳತೆ ಪುಸ್ತಕ ತೆಗೆದಳು. ಮೂರು ವರ್ಷದಲ್ಲಿ ಸೊಂಟ ಆರು ಇಂಚು ಏರಿತ್ತು, ತೋಳು ಎರಡು ಇಂಚು ಇಳಿದಿತ್ತು. ಎಲ್ಲ ಅವಳದೇ ಕೈಬರಹ. ಟೇಪು ಕೊರಳಲ್ಲಿದ್ದ ಹಾಗೇ ತಂಗಿಯನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಸ್ಕ್ಯಾನಿನಲ್ಲಿ ಲಿವರ್ ತುಂಬ ನೀರಿನ ಗುಳ್ಳೆಗಳು ಕಂಡವು. ಒಂದೆರಡಿದ್ದರೆ ಬಹಳ ಜನಕ್ಕೆ ತೊಂದರೆಯೇ ಇರುವುದಿಲ್ಲವಂತೆ. ಅಮ್ಮನವು ಲೆಕ್ಕಕ್ಕೆ ಸಿಗದಷ್ಟಿದ್ದು ಜಠರವನ್ನೇ ಒತ್ತಿಹಿಡಿದಿದ್ದವು. ಕ್ಯಾನ್ಸರ್ ಅಲ್ಲ ಎಂದರು ಡಾಕ್ಟರು, ನಾವು ಹಿಗ್ಗಿದೆವು. ದೊಡ್ಡ ಗುಳ್ಳೆಗಳಿಗೆ ಸೂಜಿ ಹಾಕಿ ನೀರು ತೆಗೆದರು. ಮತ್ತೆ ತುಂಬಬಹುದು ಎಂದೂ ಹೇಳಿದ್ದರು. ಅದನ್ನು ನಾವು ಕಿವಿಗೇ ಹಾಕಿಕೊಳ್ಳಲಿಲ್ಲ.

ಅಮ್ಮ ಎಷ್ಟೋ ದಿನಗಳ ಮೇಲೆ ಹೊಟ್ಟೆತುಂಬ ಉಂಡಳು. ದೊಡ್ಡಮ್ಮ ಆ ಖುಷಿಯಲ್ಲಿ ನೀಲಿ ಅಂಗಿಯನ್ನು ಒಳಗೆ ಹಿಡಿದು ಹೊಲಿದು, ಮಿಕ್ಕ ಬಟ್ಟೆಯನ್ನು ಕತ್ತರಿಸಿಯೇಬಿಟ್ಟಳು. ಜನ್ಮದಲ್ಲಿ ಹಾಗೆ ಮಾಡಿದವಳಲ್ಲ. ಇನ್ನು ಇದರ ಅಗತ್ಯವೇ ಬೀಳುವುದಿಲ್ಲ ಎಂದಳು.

ಮೂರು ತಿಂಗಳಿಗೆ ಗುಳ್ಳೆಗಳು ಮತ್ತೆ ತುಂಬಿದವು. ಲಿವರನ್ನೇ ಬದಲಿಸಬೇಕಿತ್ತು, ಬಡಕಲಾದ ಆ ಮೈ ಅಷ್ಟು ದೊಡ್ಡ ಆಪರೇಷನ್ ತಾಳುವಂತಿರಲಿಲ್ಲ. ಅಷ್ಟರಲ್ಲಿ ಒಂದು ಗುಳ್ಳೆಗೆ ಸೋಂಕು ತಗುಲಿತು. ಏನು ಮಾಡಿದರೂ ಜ್ವರ ಇಳಿಯಲಿಲ್ಲ. ಎಂಟನೇ ದಿನ ಅಮ್ಮ ಹೋದಳು.

ನೀಲಿ ಅಂಗಿಯನ್ನೇ ತೊಡಿಸಬೇಕೆಂದು ನಾನು ಹಟ ಹಿಡಿದೆ. ಸೊಂಟದ ಹತ್ತಿರ ಅದು ಸಾಲಲೇ ಇಲ್ಲ. ದೊಡ್ಡಮ್ಮ ಎಂದಿನ ಅಭ್ಯಾಸದಂತೆ ಅಂಚನ್ನು ಮಗುಚಿ, ಹೊಲಿಗೆಯ ಒಳಗೆ ಬೆರಳಾಡಿಸಿ ತಡಕಿದಳು. ಅಲ್ಲಿ ಏನೂ ಇರಲಿಲ್ಲ.

"ನಾನೇ ಕತ್ತರಿಸಿ ಎಸೆದೆ ಕಣೇ," ಎಂದಳು. ನನಗಲ್ಲ, ತಂಗಿಗೆ.