ಆಮೆನ್ ಆದ ಮೇಲೆ

ಇವತ್ತು ಹುರುಳಿಕಾಳು ಸಾರಿನ ಒಗ್ಗರಣೆ ವಾಸನೆಗೆ ಅರಸೀಕೆರೆ ರೈಲ್ವೆ ಕ್ವಾರ್ಟರ್ಸ್‌ನ ನನ್ನಜ್ಜಿ ನೆನಪಾದಳು. ಭಾನುವಾರ ಚರ್ಚಿನಿಂದ ಬಂದು ಊಟಕ್ಕೆ ಕೂತರೆ ಅವಳ ಪ್ರಾರ್ಥನೆ ಚಿಕ್ಕದೇ. ಆದರೆ ಆಮೆನ್ ಅಂದ ಮೇಲೂ ಕಣ್ಣು ತೆರೆಯುತ್ತಿರಲಿಲ್ಲ. ಮುದ್ದೆ ಆರುತ್ತಿತ್ತು, ನನಗೋ ಹಸಿವು.

"ಮುಗೀತಲ್ಲಜ್ಜಿ?"

"ನಮ್ ಮಾತು ಮುಗೀತು ಕಣೇ. ಸ್ವಾಮಿ ಮಾತಾಡೋದು ಬ್ಯಾಡ್ವಾ?"

ಒಂದು ಭಾನುವಾರ ಹಾಗೆ ಕೂತವಳು ತಟ್ಟನೆ ಎದ್ದು, ಬಟ್ಟಲಿಗೆ ಸಾರು ಬಗ್ಗಿಸಿಕೊಂಡು, ನಲ್ಲಿ ನೀರಿನ ಜಗಳದಲ್ಲಿ ಮಾತು ಬಿಟ್ಟಿದ್ದ ಪಕ್ಕದ ಮನೆಯವರ ಬಾಗಿಲು ತಟ್ಟಿದಳು. ವಾಪಸ್ ಬಂದು, "ಈಗ ಉಣ್ಣು" ಅಂದಳು.

ಇವತ್ತು ಆಮೆನ್ ಅಂದು ನಾನೂ ಕಣ್ಣು ಮುಚ್ಚಿಯೇ ಕೂತೆ. ನಾನು ಮಾತು ಬಿಟ್ಟಿರುವ ತಮ್ಮನ ಮುಖ ಬಂತು. ಇದೊಂದು ಬಿಟ್ಟು ಬೇರೇನಾದರೂ ಹೇಳು ಸ್ವಾಮಿ, ಅಂದೆ. ಸಾರು ಆರಿತು, ಮುಖ ಹೋಗಲಿಲ್ಲ. ಊಟ ಅಲ್ಲೇ ಬಿಟ್ಟು ಫೋನ್ ಕೈಗೆತ್ತಿಕೊಂಡೆ.